ಕಾಲು ನೋಡಿ ಬಾರಿಸುವವನು

ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವನು ಜನರ ಕಣ್ಣು ನೋಡಬೇಕು. ಇವನು ಕಾಲು ನೋಡುತ್ತಿದ್ದ. ಜಯನಗರ ಫೋರ್ತ್ ಬ್ಲಾಕಿನ ಒಂದು ಅಂಗಡಿಯಲ್ಲಿ ಪರದೆಯ ಹಿಂದೆ ಕೂತು ಗಾಜನ್ನು ಅಳತೆಗೆ ಉಜ್ಜಿ ಫ್ರೇಮಿಗೆ ಕೂರಿಸುವುದು ಅವನ ಕೆಲಸ. ವಯಸ್ಸಾದವರು ಯಾರಾದರೂ ಹೊಸ ಕನ್ನಡಕ ಹಾಕಿಕೊಂಡರೆ ಪರದೆ ಸರಿಸಿ ಹೊರಗೆ ಬಂದು, "ಸಾರ್, ಹಂಗೇ ಬಾಗ್ಲು ತನ್ಕ ಹೋಗಿ, ಮೆಟ್ಲು ಇಳ್ದು ಹತ್ಕೊಂಡ್ ಬನ್ನಿ" ಎನ್ನುತ್ತಿದ್ದ. ಮೆಟ್ಟಿಲ ಹತ್ತಿರ ಅವರ ಕಾಲು ಒಂದಿಷ್ಟು ತಡವರಿಸಿದರೂ ಸಾಕು, ಕನ್ನಡಕ ವಾಪಸು ಇಸಿದುಕೊಂಡು ಒಳಗೆ ಹೋಗಿಬಿಡುತ್ತಿದ್ದ. "ಚೆನ್ನಾಗೇ ಕಾಣ್ತಿದೆ ಕಣಪ್ಪಾ" ಎಂದು ಅವರು ಹೇಳಿದರೂ ಕೇಳುತ್ತಿರಲಿಲ್ಲ. "ಕಣ್ಣು ದಾಕ್ಷಿಣ್ಯಕ್ಕೆ ಹೂಂ ಅನ್ನುತ್ತೆ ಮಗಾ, ಕಾಲು ಅನ್ನಲ್ಲ" ಎಂದು ನನಗೆ ವಿವರಿಸಿದ್ದ.

ಅವನು ನಮ್ಮ ಬ್ಯಾಂಡಿನ ಡ್ರಮ್ಮರ್. ಹೋದ ತಿಂಗಳು ತೀರಿಕೊಂಡ. ಅವನ ಹೆಸರನ್ನು ಇಲ್ಲಿ ಬರೆಯುವ ಹಾಗಿಲ್ಲ. ಉಳಿದವರ ಹೆಸರುಗಳನ್ನೂ ಬದಲಿಸಿದ್ದೇನೆ.

ಸುದ್ದಿ ಬಂದಾಗ ನಾನು ಆಫೀಸಿನಲ್ಲಿ ಯಾರದೋ ಅರ್ಜಿಯ ಪಿನ್‌ಕೋಡ್ ತಿದ್ದುತ್ತಿದ್ದೆ. ಫೋನ್ ಮಾಡಿದವಳು ಬ್ಯಾಂಡಿನಲ್ಲಿ ಹಾಡುತ್ತಿದ್ದ ಶ್ವೇತಾ. "ಅಂಗಡೀಲೇ ಕಣೋ. ಮೆಷಿನ್ ಮುಂದೆ ಕೂತಿದ್ದೋನು ಹಂಗೇ ಪಕ್ಕಕ್ಕೆ ಒರಗಿದ್ನಂತೆ" ಎಂದಳು. ಹೂಂ ಎಂದೆ. ಫೋನ್ ಇಟ್ಟು ಉಳಿದ ಮೂರು ಅಂಕಿಗಳನ್ನೂ ತಿದ್ದಿ, ಅರ್ಜಿಯನ್ನು ಅದರ ಫೈಲಿಗೆ ಸೇರಿಸಿ, ಆಮೇಲೆ ಎದ್ದೆ. ಬನಶಂಕರಿಯ ಚಿತಾಗಾರದಲ್ಲೂ ಅಷ್ಟೇ, ಬಿಸಿಲಿದೆ ಅನ್ನಿಸಿತು, ಬಾಯಾರಿಕೆಯಾಗಿದೆ ಅನ್ನಿಸಿತು, ಅದಕ್ಕಿಂತ ಹೆಚ್ಚಿನದೇನೂ ಅನ್ನಿಸಲಿಲ್ಲ. ಶ್ವೇತಾ ನನ್ನ ತೋಳು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾನು ಅವಳ ಬ್ಯಾಗು ಹಿಡಿದುಕೊಂಡು ನಿಂತಿದ್ದೆ. ಮನೆಗೆ ಬಂದು ಸ್ನಾನ ಮಾಡಿ, ಹುಳಿಯನ್ನು ಎರಡು ಸಲ ಹಾಕಿಸಿಕೊಂಡು ಊಟ ಮಾಡಿದೆ. ಇಪ್ಪತ್ತು ವರ್ಷದ ಗೆಳೆಯನಿಗೆ ಒಂದು ತೊಟ್ಟು ಕಣ್ಣೀರು ಬರಲಿಲ್ಲವಲ್ಲ ಎಂದು ನಾಚಿಕೆಯಾಯಿತು. ನಾಚಿಕೆಯಾದರೂ ಆಯಿತಲ್ಲ ಎಂದುಕೊಂಡೆ.

ಕಾಲು ನೋಡುವ ಚಟ ಅವನಿಗೆ ಅಪ್ಪನಿಂದ ಬಂದದ್ದು. ಅವನ ಅಪ್ಪ ಮದುವೆಗಳ ಬ್ಯಾಂಡ್ ಸೆಟ್ಟಿನಲ್ಲಿ ಡ್ರಮ್ ಬಾರಿಸುತ್ತಿದ್ದವರು. ಕೆಂಪು ಕೋಟು, ಹೆಗಲ ಮೇಲೆ ಜರಿಯ ಕುಚ್ಚು. ವರನ ಮೆರವಣಿಗೆಯಲ್ಲಿ ಎಲ್ಲ ವಯಸ್ಸಿನವರೂ ಕುಣಿಯುತ್ತಾರೆ. ಸೋದರಮಾವಂದಿರಿಗೆ ಹುರುಪು ಜಾಸ್ತಿ, ಉಸಿರು ಕಡಿಮೆ. ಡ್ರಮ್ಮಿನವನು ಅವರ ಕಾಲಿನ ಮೇಲಿಂದ ಕಣ್ಣು ತೆಗೆಯಬಾರದು. ದಣಿದಂತೆ ಕಂಡರೆ ವೇಗ ಇಳಿಸಬೇಕು, ಛತ್ರದ ಬಾಗಿಲು ಹತ್ತಿರವಾದಾಗ ಏರಿಸಬೇಕು. "ಅವ್ರು ನಮ್ ಅಳತೆಗೆ ಕುಣಿಯಲ್ಲ ಕಣೋ, ನಾವ್ ಅವ್ರ ಅಳತೆಗೆ ಬಾರಿಸ್ಬೇಕು" ಎಂದು ಅಪ್ಪ ಹೇಳಿಕೊಟ್ಟಿದ್ದರಂತೆ. ಅವನ ಸಂಗೀತಾಭ್ಯಾಸ ಅಷ್ಟೇ. ನಾನು ವಿದೇಶಿ ಡ್ರಮ್ಮರುಗಳ ವಿಡಿಯೊ ತೋರಿಸಿದರೆ ಪೂರ್ತಿ ನೋಡಿ, "ಸಖತ್ತಾಗ್ ಬಾರಿಸ್ತಾನೆ. ಆದ್ರೆ ಯಾರ್ ಕಡೇನೂ ನೋಡ್ತಾನೇ ಇಲ್ವಲ್ಲ ಮಗಾ" ಎನ್ನುತ್ತಿದ್ದ.

ಬ್ಯಾಂಡಿನಲ್ಲಿ ನಾವು ನಾಲ್ವರು. ಹಾಡು ಬರೆದು ಗಿಟಾರ್ ನುಡಿಸುವವನು ನಾನು, ಹಾಡುವವಳು ಶ್ವೇತಾ, ಬೇಸ್ ಗಿಟಾರಿಗೆ ಕಿರಣ, ಡ್ರಮ್ಸಿಗೆ ಇವನು. ಹನುಮಂತನಗರದ ನಮ್ಮ ಮನೆಯ ಟೆರೇಸಿನಲ್ಲಿ ಶೀಟು ಹೊದಿಸಿದ ಕೋಣೆಯೊಂದಿತ್ತು. ಭಾನುವಾರ ಮಧ್ಯಾಹ್ನ ಅಲ್ಲಿ ಅಭ್ಯಾಸ. ಒಂದು ದಿನ ಬೀದಿನಾಯಿ ಮೇಲೆ ಬಂದು ಕಿರಣನ ಒಂದು ಚಪ್ಪಲಿ ಕಚ್ಚಿಕೊಂಡು ಹೋಯಿತು. ಅವನು ಉಳಿದೊಂದನ್ನು ಹಾಕಿಕೊಂಡೇ ಬಸ್ಸು ಹತ್ತಿದ. ಅಂದಿನಿಂದ ಬ್ಯಾಂಡಿನ ಹೆಸರು 'ಒಂಟಿ ಚಪ್ಪಲಿ' ಆಯಿತು. ನಾನು ಅದಕ್ಕೂ ಮೊದಲು ಎರಡು ಘನವಾದ ಹೆಸರುಗಳನ್ನು ಸೂಚಿಸಿದ್ದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾಲ್ಕು ಗಂಟೆಗೆ ಅಮ್ಮ ಕಾಫಿ ತರುತ್ತಿದ್ದಳು. ಅವಳಿಗೆ ಮಂಡಿನೋವು, ಒಂದೊಂದು ಮೆಟ್ಟಿಲ ಮೇಲೂ ಎರಡೂ ಕಾಲಿಟ್ಟು ಹತ್ತುತ್ತಾಳೆ. ಬಾಗಿಲಿನಿಂದ ಅವಳ ಪಾದ ಕಂಡ ತಕ್ಷಣ, ನಾವು ಯಾವ ಹಾಡಿನ ನಡುವೆ ಇದ್ದರೂ ಅದನ್ನು ಬಿಟ್ಟು, ಇವನು ಅವಳ ಹೆಜ್ಜೆಗೆ ಸರಿಯಾಗಿ ಬಾರಿಸತೊಡಗುತ್ತಿದ್ದ. "ಮುಂಡೇದೆ, ನನ್ ಮಂಡಿನೋವು ನಿಂಗೆ ತಾಳ ಆಯ್ತೇನೋ?" ಎಂದು ಬೈಯುತ್ತಲೇ ಅಮ್ಮ ಮೊದಲ ಲೋಟ ಅವನಿಗೆ ಕೊಡುತ್ತಿದ್ದಳು. ಕೊನೆಯ ಲೋಟ ಮನೆಮಗನಾದ ನನಗೆ.

ಅವನು ಬಾರಿಸುವುದನ್ನು ನಾನು ನಿಜವಾಗಿ ನೋಡಿದ್ದು ಬಿಟಿಎಂ ಲೇಔಟಿನ ಒಂದು ಕೆಫೆಯಲ್ಲಿ. ಇಪ್ಪತ್ತು ಜನರಿದ್ದರು. ಅಷ್ಟೂ ಜನ ಫೋನ್ ನೋಡುತ್ತಾ, ಫ್ರೈಸ್ ತಿನ್ನುತ್ತಾ ಕೂತಿದ್ದರು. ಮೊದಲ ಎರಡು ಹಾಡು ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ ಆಯಿತು. ಮೂರನೆಯ ಹಾಡು ಶುರು ಮಾಡುವ ಮೊದಲು ನಾನು ಹಿಂದೆ ತಿರುಗಿದರೆ, ಇವನು ಕತ್ತು ಉದ್ದ ಮಾಡಿ ಮೇಜುಗಳ ಕೆಳಗೆ ಹುಡುಕುತ್ತಿದ್ದ. ಯಾವ ಕಾಲೂ ಅಲ್ಲಾಡುತ್ತಿರಲಿಲ್ಲ. ಕೊನೆಗೆ ಅಡುಗೆಮನೆಯ ಬಾಗಿಲಿನಿಂದ ಟ್ರೇ ಹಿಡಿದು ಹೊರಟ ವೇಟರ್ ಒಬ್ಬನ ಷೂ ಅವನ ಕಣ್ಣಿಗೆ ಬಿತ್ತು. ಆ ನಡಿಗೆಯನ್ನೇ ಹಿಡಿದುಕೊಂಡು ಒಂದು, ಎರಡು ಎಂದು ಎಣಿಸಿ ಶುರು ಮಾಡಿದ. ನಮ್ಮ ಅಭ್ಯಾಸದ ವೇಗಕ್ಕಿಂತ ಅದು ನಿಧಾನ. ನಾವು ಮೂವರೂ ಎಡವುತ್ತಾ ಅವನ ಹಿಂದೆ ಹೋದೆವು. ವೇಟರನಿಗೆ ಏನೋ ತಿಳಿದು ಅವನ ನಡಿಗೆ ಸ್ವಲ್ಪ ಚುರುಕಾಯಿತು, ಹಾಡೂ ಚುರುಕಾಯಿತು. ಆ ಕಾಲಿನಿಂದ ಪಕ್ಕದ ಮೇಜಿನ ಕಾಲಿಗೆ, ಅಲ್ಲಿಂದ ಮೂಲೆಯ ಹುಡುಗಿಯರ ಕಾಲಿಗೆ ಹತ್ತಿಕೊಂಡಿತು. ಹಾಡು ಮುಗಿಯುವ ಹೊತ್ತಿಗೆ ಎಲ್ಲರೂ ಎದ್ದು ನಿಂತಿದ್ದರು. ನನ್ನ ಬೆರಳು ಗಿಟಾರಿನ ಮೇಲೆ ಅಷ್ಟು ವೇಗವಾಗಿ ಓಡಲಾರದೆ ನಾಲ್ಕು ಸಲ ತಪ್ಪಿತು.

ಆ ದಿನ ಎಲ್ಲರೂ ಖುಷಿಯಾಗಿದ್ದರು. ನಾನು ಸಿಟ್ಟಾಗಿದ್ದೆ. "ಹಾಡು ಎಲ್ಲೋ ಓಡೋಯ್ತಲ್ಲೋ, ಓಡಿಸ್ಬೇಡ ಅಂತ ಎಷ್ಟ್ ಸಲ ಹೇಳೋದು" ಎಂದೆ. "ನಾನೆಲ್ಲಿ ಓಡಿಸ್ದೆ ಮಗಾ? ಆ ಹುಡ್ಗೀರು ಓಡಿಸಿದ್ದು" ಎಂದು ನಕ್ಕ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ನನ್ನ ಬೆರಳಿನ ತಪ್ಪನ್ನೆಲ್ಲ ನಾನು ಅವನ ತಲೆಗೆ ಕಟ್ಟುತ್ತಿದ್ದೆ. ಇದು ಈಗ ಗೊತ್ತಾಗುತ್ತಿದೆ.

ಆರು ವರ್ಷದ ಹಿಂದೆ ನಮ್ಮ ಮೊದಲ ರೆಕಾರ್ಡಿಂಗ್ ಮಾಡುವುದೆಂದು ತೀರ್ಮಾನವಾಯಿತು. ಆರು ಹಾಡು. ಜೆ.ಪಿ. ನಗರದಲ್ಲಿ ಮನೆಯೊಂದರ ನೆಲಮಹಡಿಯಲ್ಲಿ ಸ್ಟುಡಿಯೊ. ಇವನು ಅಂಗಡಿಗೆ ಎರಡು ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಬಿಳಿ ಷರಟು ತೊಟ್ಟು ಬಂದ. "ರೆಕಾರ್ಡಿಂಗ್‌ನಲ್ಲಿ ಷರಟು ಕಾಣಲ್ಲ ಕಣೋ" ಎಂದು ಶ್ವೇತಾ ರೇಗಿಸಿದಳು. "ನಂಗ್ ಕಾಣುತ್ತಲ್ಲ" ಎಂದ.

ರೆಕಾರ್ಡಿಂಗಿನಲ್ಲಿ ಡ್ರಮ್ಸ್ ಮೊದಲು. ಉಳಿದದ್ದೆಲ್ಲ ಅದರ ಮೇಲೆ ಕೂರುತ್ತದೆ. ಗೋಡೆಗೆಲ್ಲ ಸ್ಪಂಜು ಅಂಟಿಸಿದ ಸಣ್ಣ ಕೋಣೆಯಲ್ಲಿ ಅವನೊಬ್ಬನನ್ನೇ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ ಬಾಗಿಲು ಮುಚ್ಚಿದರು. ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಎಂದು ಒಂದೇ ಅಳತೆಯ ಸದ್ದು ಬರುತ್ತಿರುತ್ತದೆ. ಅದನ್ನು ಕ್ಲಿಕ್ ಎನ್ನುತ್ತಾರೆ. ಅದರಿಂದ ಒಂದು ಕೂದಲೆಳೆಯಷ್ಟೂ ಆಚೀಚೆ ಹೋಗದೆ ಬಾರಿಸಬೇಕು. ಅವನು ಬಾರಿಸಿದ. ಗಾಜಿನ ಆಚೆ ಕಂಪ್ಯೂಟರ್ ಮುಂದೆ ಕೂತಿದ್ದ ಎಂಜಿನಿಯರ್ ತಲೆಯಾಡಿಸಿ, ಇನ್ನೊಮ್ಮೆ ಎಂದರು. ಪಲ್ಲವಿ ಬಂದ ಕೂಡಲೇ ಹಾಡು ಕ್ಲಿಕ್ಕನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ಇನ್ನೊಮ್ಮೆ. ಮತ್ತೂ ಇನ್ನೊಮ್ಮೆ.

ಏಳನೆಯ ಸಲವೋ ಎಂಟನೆಯ ಸಲವೋ ಅವನು ಮೈಕಿನಲ್ಲಿ, "ಮಗಾ, ನೀವ್ ಯಾರಾದ್ರೂ ಒಬ್ರು ಒಳಗ್ ಬಂದು ನನ್ನೆದುರಿಗೆ ನಿಂತ್ಕೊಳಕ್ಕಾಗುತ್ತಾ?" ಎಂದು ಕೇಳಿದ. ಆಗುವುದಿಲ್ಲ, ಮೈಕುಗಳಿಗೆ ಉಸಿರಿನ ಸದ್ದೂ ಕೇಳುತ್ತದೆ ಎಂದರು ಎಂಜಿನಿಯರ್. ಅವನು ಸರಿ ಎಂದು ತಲೆಯಾಡಿಸಿ ಎದುರಿನ ಗೋಡೆ ನೋಡುತ್ತಾ ಕೂತ. ಎರಡು ದಿನವೂ ಅಷ್ಟೇ ಆಯಿತು. "ಸಾರ್, ನಿಮ್ ಡ್ರಮ್ಮರ್ ಒಳ್ಳೇ ಮನುಷ್ಯ. ಆದ್ರೆ ಒಂದೊಂದ್ ಸಲ ಒಂದೊಂದ್ ಊರಿಗೆ ಹೋಗ್ತಾರೆ" ಎಂದರು ಎಂಜಿನಿಯರ್ ನನ್ನ ಕಿವಿಯಲ್ಲಿ.

ಮೂರನೆಯ ದಿನ ಅವನು ಅಂಗಡಿಗೆ ಹೋದ. ಅವನಿಲ್ಲದಾಗ ಎಂಜಿನಿಯರ್ ಒಂದು ದಾರಿ ತೋರಿಸಿದರು. ಕಂಪ್ಯೂಟರಿನಲ್ಲಿ ಡ್ರಮ್ಸಿನ ಒಂದೊಂದು ಪೆಟ್ಟಿನ ಸದ್ದನ್ನೂ ಮೊದಲೇ ತುಂಬಿಟ್ಟಿರುತ್ತಾರೆ, ಅದನ್ನು ಕ್ಲಿಕ್ಕಿನ ಅಳತೆಗೆ ಜೋಡಿಸುತ್ತಾ ಹೋದರೆ ಒಂದೇ ಮಧ್ಯಾಹ್ನದಲ್ಲಿ ಆರು ಹಾಡೂ ಸಿದ್ಧ. ಇವನ ಒಂದು ಪೆಟ್ಟೂ ಅದರಲ್ಲಿ ಇರುವುದಿಲ್ಲ. ನಾನು ಎಷ್ಟು ಹೊತ್ತು ಯೋಚಿಸಿದೆ ಎಂದು ನೆನಪು ಮಾಡಿಕೊಳ್ಳಲು ಈಗ ಪ್ರಯತ್ನಿಸಿದ್ದೇನೆ. ಯೋಚಿಸಲಿಲ್ಲ. ಮಾಡಿ ಎಂದೆ. ನಿಜ ಹೇಳಬೇಕೆಂದರೆ ಹಾಯೆನಿಸಿತು. ಕೊನೆಗೂ ನನ್ನ ಹಾಡು ನಾನು ಬರೆದ ವೇಗದಲ್ಲೇ ನಿಂತಿತು.

"ಅವ್ರು ಬಾರಿಸಿದ್ ಹಳೇ ಟ್ರ್ಯಾಕ್ ಇಟ್ಕೊಳ್ಲಾ ಸಾರ್?" ಎಂದು ಎಂಜಿನಿಯರ್ ಕೇಳಿದರು. ಇಟ್ಟರೆ ಎಂದಾದರೂ ಅವನ ಕಣ್ಣಿಗೆ ಬೀಳುತ್ತದೆ ಎಂದು ಹೆದರಿದೆ. "ಬೇಡ, ತೆಗೆದ್ಬಿಡಿ" ಎಂದೆ. ನನ್ನೆದುರೇ ತೆಗೆದರು.

ವಿಷಯ ಶ್ವೇತಾಗೂ ಕಿರಣನಿಗೂ ತಿಳಿದಿತ್ತು. ಅವರು ಹಾಡುವಾಗ, ನುಡಿಸುವಾಗ ಕೇಳಿಸಿಯೇ ಕೇಳಿಸುತ್ತದಲ್ಲ. ಕಿರಣ ಬೇಸ್ ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ ಎಳೆದ. ಶ್ವೇತಾ, "ಅವ್ನಿಗ್ ಹೇಳ್ತೀಯಾ?" ಎಂದಳು. "ಹೇಳ್ತೀನಿ" ಎಂದೆ. "ನೀನೇ ಹೇಳ್ಬೇಕು. ನಾವ್ ಹೇಳಲ್ಲ" ಎಂದಳು.

ಹೇಳಲೆಂದೇ ಅಂಗಡಿಗೆ ಹೋದೆ. ಮುಗಿದ ಹಾಡುಗಳು ನನ್ನ ಫೋನಿನಲ್ಲಿದ್ದವು. ಅವನು ಕೈಯೊರೆಸಿಕೊಂಡು, ಹೆಡ್‌ಫೋನ್ ಹಾಕಿಕೊಂಡು, ಪರದೆಯ ಹಿಂದಿನ ಸ್ಟೂಲಿನಲ್ಲಿ ಕೂತು ಆರೂ ಹಾಡು ಕೇಳಿದ. ಇಪ್ಪತ್ತಾರು ನಿಮಿಷ. ನಾನು ಮೆಷಿನ್ನಿನ ಪಕ್ಕ ಬಿದ್ದಿದ್ದ ಗಾಜಿನ ಚೂರುಗಳನ್ನು ನೋಡುತ್ತಾ ನಿಂತಿದ್ದೆ. ಹೆಡ್‌ಫೋನ್ ತೆಗೆದು, "ಎಷ್ಟ್ ನೀಟಾಗ್ ಬಂದಿದೆ ಮಗಾ. ನಾನ್ ಇಷ್ಟ್ ನೀಟಾಗ್ ಬಾರಿಸಿದ್ನಾ?" ಎಂದ.

ಅದು ಪ್ರಶ್ನೆ. ಉತ್ತರ ಹೇಳಲು ಅದಕ್ಕಿಂತ ಒಳ್ಳೆಯ ಜಾಗ, ಒಳ್ಳೆಯ ಸಮಯ ಇರಲಿಲ್ಲ. "ಎಂಜಿನಿಯರ್ರು ಅಲ್ಲಲ್ಲಿ ಸ್ವಲ್ಪ ಸರಿ ಮಾಡಿದಾರೆ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ.

"ಸ್ಟುಡಿಯೋ ಅಂದ್ರೆ ಸ್ಟುಡಿಯೋನೇ ಬಿಡು" ಎಂದು ಅವನು ನನ್ನ ಭುಜ ತಟ್ಟಿದ.

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ನಾನು ಆ ದಿನ ಹಾಗೇ ಖುಷಿಯಾಗಿ ಬಸ್ಸು ಹತ್ತಿದೆ.

ಈಗ ಯಾರ ಮನೆಯಲ್ಲೂ ಸಿಡಿ ಹಾಕುವ ಯಂತ್ರವಿಲ್ಲ. ಆದರೂ ಕೈಯಲ್ಲಿ ಹಿಡಿಯಲು ಏನಾದರೂ ಬೇಕೆಂದು ಅವನು ಹಟ ಹಿಡಿದು ಒಂದಿಷ್ಟು ಸಿಡಿ ಮಾಡಿಸಿದ. ಕವರಿನ ಹಿಂದೆ ಡ್ರಮ್ಸ್ ಎಂದು ಬರೆದು ಪಕ್ಕದಲ್ಲಿ ಅವನ ಹೆಸರು. ಕನ್ನಡಕ ಕೊಂಡವರಿಗೆಲ್ಲ ಒರೆಸುವ ಬಟ್ಟೆಯ ಜೊತೆ ಒಂದೊಂದು ಸಿಡಿಯನ್ನೂ ಚೀಲದಲ್ಲಿ ಹಾಕಿ ಕೊಟ್ಟ. "ನಾನೇ ಬಾರಿಸಿರೋದು ಸಾರ್." ಒಬ್ಬ ಮುದುಕರು ಮಾರನೆಯ ದಿನ ಸಿಡಿ ಹಿಡಿದುಕೊಂಡು ಬಂದು, "ಇದನ್ನ ಕಣ್ಣಿಗೆ ಹೆಂಗಪ್ಪಾ ಹಾಕ್ಕೊಳೋದು?" ಎಂದು ಕೇಳಿದರಂತೆ. ಆ ಕತೆಯನ್ನು ಅವನು ಹೋದಲ್ಲೆಲ್ಲ ಹೇಳಿ ನಗುತ್ತಿದ್ದ. ನಾನೂ ನಗುತ್ತಿದ್ದೆ.

ಆಮೇಲೆ ನಡೆದದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಅವನು ಫೋನಿಗೆ ಕ್ಲಿಕ್ ಇಳಿಸಿಕೊಂಡ. ಅಂಗಡಿಯಲ್ಲಿ ಬಿಡುವಾದಾಗ ಒಂದು ಕಿವಿಗೆ ಅದನ್ನು ಹಾಕಿಕೊಂಡು ತೊಡೆಯ ಮೇಲೆ ಬಾರಿಸಿಕೊಳ್ಳುತ್ತಿದ್ದ. ಮದುವೆಯಾದ ಮೇಲೆ ಅವನ ಮನೆ ತಲಘಟ್ಟಪುರದಲ್ಲಿತ್ತು. ಮೆಟ್ರೊದಲ್ಲಿ ಬರುವಾಗ ಹೋಗುವಾಗಲೂ ಅದೇ. "ರೆಕಾರ್ಡಲ್ಲಿ ಇದ್ದಂಗೇ ಬಾರಿಸ್ಬೇಕಲ್ಲ ಮಗಾ, ಜನ ಕೇಳಿರ್ತಾರೆ" ಎಂದ. ವೇದಿಕೆಯ ಮೇಲೂ ಕಿವಿಗೆ ಕ್ಲಿಕ್ ಹಾಕಿಕೊಳ್ಳಲು ಶುರು ಮಾಡಿದ. ಆ ವರ್ಷ ಬನಶಂಕರಿಯ ಒಂದು ಕಾಲೇಜಿನಲ್ಲಿ ನುಡಿಸಿದೆವು. ಒಂದು ಪೆಟ್ಟೂ ಆಚೀಚೆ ಆಗಲಿಲ್ಲ. ನಾನು ಒಂದು ಸಲವೂ ತಪ್ಪಲಿಲ್ಲ. ಹಿಂದೆ ತಿರುಗಿದರೆ ಅವನು ಕಣ್ಣು ಮುಚ್ಚಿ, ಹುಬ್ಬು ಗಂಟಿಕ್ಕಿ, ಪರೀಕ್ಷೆ ಬರೆಯುವವನಂತೆ ಬಾರಿಸುತ್ತಿದ್ದ. ಹುಡುಗರು ಮರ್ಯಾದೆಯಿಂದ ಚಪ್ಪಾಳೆ ತಟ್ಟಿದರು.

ಆಮೇಲೆ ಕಾರ್ಯಕ್ರಮದ ಕರೆಗಳು ಕಡಿಮೆಯಾದವು. ಕಿರಣನಿಗೆ ಅವಳಿ ಮಕ್ಕಳಾದವು, ಶ್ವೇತಾ ಕ್ಲಿನಿಕ್ ತೆರೆದಳು, ಅಭ್ಯಾಸ ತಿಂಗಳಿಗೊಮ್ಮೆಯಾಗಿ, ಹಬ್ಬಕ್ಕೊಮ್ಮೆಯಾಗಿ ನಿಂತುಹೋಯಿತು. ಬ್ಯಾಂಡ್ ಮುಗಿಯಿತು ಎಂದು ಯಾರೂ ಯಾರಿಗೂ ಹೇಳಲಿಲ್ಲ. ಅವನನ್ನು ಮಾತ್ರ ನಾನು ಆಗಾಗ ಅಂಗಡಿಯಲ್ಲಿ ನೋಡುತ್ತಿದ್ದೆ. ಪ್ರತಿ ಸಲವೂ ಇವತ್ತು ಹೇಳುತ್ತೇನೆ ಎಂದುಕೊಂಡು ಹೋಗುತ್ತಿದ್ದೆ. ಅವನು ಪಕ್ಕದ ಅಂಗಡಿಯಿಂದ ಟೀ ತರಿಸುತ್ತಿದ್ದ. ಟೀ ಕುಡಿದು ಬರುತ್ತಿದ್ದೆ. ಹೀಗೆ ಆರು ವರ್ಷ.

ಹದಿಮೂರನೆಯ ದಿನದ ಕೆಲಸವೆಲ್ಲ ಮುಗಿದು ಒಂದು ವಾರಕ್ಕೆ ಅವನ ಹೆಂಡತಿ ಮಂಜುಳಾ ಫೋನ್ ಮಾಡಿದರು.

"ಅಣ್ಣ, ಒಂದ್ ಸಹಾಯ ಆಗ್ಬೇಕಿತ್ತು. ನಿಮ್ ರೆಕಾರ್ಡಿಂಗ್‌ನಲ್ಲಿ ಬರೀ ಇವ್ರು ಬಾರಿಸಿರೋದನ್ನ ಬೇರೆ ಮಾಡಿ ಕೊಡಕ್ಕಾಗುತ್ತಾ? ಚಿನ್ನು ಡ್ರಮ್ಸ್ ಕ್ಲಾಸಿಗೆ ಹೋಗ್ತಾಳಲ್ಲ, ಹಂಗೆ ತೆಗೀಬೋದು ಅಂತ ಅವ್ಳ್ ಸಾರ್ ಹೇಳಿದ್ರಂತೆ. ಅಪ್ಪನ್ ಜೊತೆ ಬಾರಿಸ್ಬೇಕಂತೆ ಅವ್ಳಿಗೆ."

ಚಿನ್ನು ಅವನ ಮಗಳು. ಒಂಬತ್ತು ವರ್ಷ.

ನೋಡ್ತೀನಿ ಎಂದೆ. ಎಂಜಿನಿಯರಿಗೆ ಫೋನ್ ಮಾಡಿ, ಅಳಿಸಿದ ಟ್ರ್ಯಾಕು ಎಲ್ಲಾದರೂ ಉಳಿದಿರಬಹುದೇ ಎಂದು ವಿಚಾರಿಸಿದೆ. ಇಲ್ಲ, ಕಂಪ್ಯೂಟರಿನಲ್ಲಿ ಜೋಡಿಸಿದ್ದೊಂದೇ ಇದೆ ಎಂದರು. ಹಳೆಯ ಫೋನುಗಳನ್ನೆಲ್ಲ ಚಾರ್ಜಿಗೆ ಹಾಕಿ ವಿಡಿಯೊ ಹುಡುಕಿದೆ. ನಾಲ್ಕು ಸಿಕ್ಕವು. ಮೂರರಲ್ಲಿ ಸದ್ದೆಲ್ಲ ಒಡೆದು ಬರೀ ಗರಗರ. ಒಂದರಲ್ಲಿ ಅವನ ಮುಖ ಚೆನ್ನಾಗಿ ಕಾಣುತ್ತದೆ, ನಗುತ್ತಿದ್ದಾನೆ, ಆದರೆ ಫೋನ್ ಹಿಡಿದವರು ಪಕ್ಕದವರಿಗೆ ಪಾರ್ಕಿಂಗ್ ವಿಷಯ ಹೇಳುವುದೇ ಉದ್ದಕ್ಕೂ ಕೇಳುತ್ತದೆ. ಅಷ್ಟು ವರ್ಷ ಬಾರಿಸಿದವನ ಕೈ ಈ ಭೂಮಿಯ ಮೇಲೆ ಎಲ್ಲೂ ಉಳಿದಿಲ್ಲ. ಇದ್ದ ಎರಡು ದಿನದ್ದನ್ನು ನಾನು ಅಳಿಸಿಹಾಕಿಸಿದ್ದೆ.

ಎಂಜಿನಿಯರಿಂದ ಆ ಕಂಪ್ಯೂಟರಿನ ಡ್ರಮ್ಸನ್ನೇ ಒಂದು ಪೆನ್ ಡ್ರೈವಿಗೆ ಹಾಕಿಸಿಕೊಂಡೆ. ಶನಿವಾರ ಬೆಳಿಗ್ಗೆ ಮೆಟ್ರೊ ಹಿಡಿದು ತಲಘಟ್ಟಪುರಕ್ಕೆ ಹೋದೆ. ಸುಮ್ಮನೆ ಕೊಟ್ಟು ಬರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅಷ್ಟು ದಿನವಾದರೂ ನನ್ನೊಳಗೆ ಏನೂ ಕದಲಿರಲಿಲ್ಲ. ಒಬ್ಬರಿಗಾದರೂ ಹೇಳಿಬಿಟ್ಟರೆ ಅಳುವಾದರೂ ಬರುತ್ತದೇನೋ ಅನ್ನಿಸಿತು.

ಮಂಜುಳಾ ನಡುಮನೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಚಿನ್ನು ಒಳಗಿನ ಕೋಣೆಯಲ್ಲಿದ್ದಳು. ನಾನು ದನಿ ತಗ್ಗಿಸಿ ಎಲ್ಲವನ್ನೂ ಹೇಳಿದೆ. ಕ್ಲಿಕ್ಕು, ಗೋಡೆ, ಮೂರನೆಯ ದಿನ, ಅಳಿಸಿದ್ದು. ಅವರು ಸುಲಿಯುವುದನ್ನು ನಿಲ್ಲಿಸದೆ ಕೇಳಿಸಿಕೊಂಡರು. ಮುಗಿದ ಮೇಲೆ ನಿಲ್ಲಿಸಿದರು.

"ಇವ್ರಿಗೆ ಗೊತ್ತಿತ್ತಾ?"

"ಗೊತ್ತಿರ್ಲಿಲ್ಲ ಅನ್ಕೊಂಡಿದೀನಿ."

"ಇವ್ರು ಇರೋವಾಗ ಆರ್ ವರ್ಷ ಹೇಳ್ದೇ ಇದ್ದೋರು, ಈಗ್ ಬಂದು ನಂಗ್ಯಾಕಣ್ಣ ಹೇಳಿದ್ರಿ?"

ನಾನು ಜೇಬಿನಿಂದ ಪೆನ್ ಡ್ರೈವ್ ತೆಗೆದು ಕೈಯಲ್ಲಿ ಹಿಡಿದುಕೊಂಡೆ.

"ನಿಮ್ಗ್ ಹಗುರ ಆಯ್ತಾ?"

"ಇಲ್ಲ" ಎಂದೆ. ನಿಜವಾಗಿಯೂ ಆಗಿರಲಿಲ್ಲ.

ಅವರು ಸೆರಗಿಗೆ ಕೈಯೊರೆಸಿಕೊಂಡು ಕೈ ಚಾಚಿದರು. "ತಂದಿದೀರಲ್ಲ, ಕೊಡಿ."

"ಮಂಜುಳಾ, ಅದು ಅವನ್ ಬಾರಿಸಿದ್ದಲ್ಲ."

"ಅದು ನಿಮ್ಗೂ ಗೊತ್ತು, ಈಗ ನಂಗೂ ಗೊತ್ತು. ಅಷ್ಟ್ ಜನಕ್ಕೆ ಸಾಕು." ಪೆನ್ ಡ್ರೈವ್ ತೆಗೆದುಕೊಂಡು ಒಳಗಿನ ಕೋಣೆಯ ಕಡೆ ತಿರುಗಿದರು. "ಚಿನ್ನೂ, ಬಾ ಇಲ್ಲಿ. ಅಂಕಲ್ ಅಪ್ಪಂದು ತಂದಿದಾರೆ ನೋಡು."

ಹುಡುಗಿ ಓಡಿಬಂದಳು. ಪೆನ್ ಡ್ರೈವನ್ನು ಎರಡೂ ಕೈಯಲ್ಲಿ ಇಸಿದುಕೊಂಡು ನನ್ನನ್ನು ನೋಡಿ, "ಇದ್ರಲ್ಲಿ ಬೇರೆ ಯಾರೂ ಇಲ್ವಾ ಅಂಕಲ್? ಬರೀ ಅಪ್ಪಾನೇನಾ?" ಎಂದಳು.

ಮಂಜುಳಾ ನನ್ನ ಮುಖವನ್ನೇ ನೋಡುತ್ತಿದ್ದರು.

"ಹೂಂ ಪುಟ್ಟಾ" ಎಂದೆ. "ಬರೀ ಅಪ್ಪಾನೇ."

ಅವಳು ಒಳಗೆ ಹೋದಳು. ನಾನು ಏಳಲು ಹೊರಟೆ. ಮಂಜುಳಾ ಬೆಳ್ಳುಳ್ಳಿಯ ತಟ್ಟೆಯನ್ನು ಮತ್ತೆ ಮಡಿಲಿಗೆ ಎಳೆದುಕೊಂಡು, "ಕೂತ್ಕೊಳಿ ಅಣ್ಣ" ಎಂದರು. "ಅವ್ಳು ಬಾರಿಸೋದು ಪೂರ್ತಿ ಕೇಳ್ಕೊಂಡು, ಊಟ ಮಾಡ್ಕೊಂಡ್ ಹೋಗಿ."

ಕೂತೆ.